ಮ್ಯಾಂಚೆಸ್ಟರಿನವರು ನಮ್ಮ ಸೀರೆಯನ್ನು ಅಳೆದ ಬಗೆ



ನಿಮ್ಮಲ್ಲಿ ಕೆಲವರು ಇಂದು ದೊಡ್ಡ ಕಂಪನಿಗಳಲ್ಲಿ ಮಾರುಕಟ್ಟೆಯ ಸಮೀಕ್ಷೆ ಮಾಡುವ ಉದ್ಯೋಗದಲ್ಲಿದ್ದೀರಿ. ಎದುರಾಳಿ ಏನನ್ನು ತಯಾರಿಸುತ್ತಾನೆ, ಎಷ್ಟಕ್ಕೆ ಮಾರುತ್ತಾನೆ, ಒಟ್ಟು ಗಿರಾಕಿಗಳೆಷ್ಟು, ಅವರಲ್ಲಿ ನಮ್ಮ ಪಾಲಿಗೆ ಬರುವವರೆಷ್ಟು ಎಂದು ಲೆಕ್ಕ ಹಾಕುವುದು ಹೊಸ ಕಾಲದ ವಿದ್ಯೆಯೆಂದು ಹಲವರು ತಿಳಿದಿರುವಂತಿದೆ. ಅದು ಹಾಗಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಂಥ ಊರುಗಳ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತ ನೇಕಾರನನ್ನು ತನ್ನ ಪ್ರತಿಸ್ಪರ್ಧಿಯೆಂದು ಗಣಿಸಿ, ಅವನ ಬಟ್ಟೆಯ ಉದ್ದ, ಅಗಲ, ತೂಕ, ದರಗಳನ್ನು ಬರೆದಿಟ್ಟುಕೊಳ್ಳುವ ಕೆಲಸ ಹತ್ತೊಂಬತ್ತನೆಯ ಶತಮಾನದಲ್ಲಿಯೇ ನಡೆದಿತ್ತು. ಬರೆದುಕೊಂಡವರು ಏಳು ಸಮುದ್ರದಾಚೆಯವರು. ನೇಕಾರನಿಗೆ ಮಾತ್ರ ಅವರ ಲೆಕ್ಕದ ಸುಳಿವೂ ಇರಲಿಲ್ಲ.

ಈ ಕಥೆಯಲ್ಲಿ ಮೊದಲು ಬರುವವನು ಥಾಮಸ್ ಮನ್ರೋ. 1800ರಿಂದ 1807ರ ವರೆಗೆ ಬಳ್ಳಾರಿ, ಅನಂತಪುರ, ಕಡಪ ಭಾಗಗಳ ದತ್ತಮಂಡಲದಲ್ಲಿ ಕಲೆಕ್ಟರನಾಗಿದ್ದು, ಕನ್ನಡ ಮತ್ತು ತೆಲುಗು ನಾಡಿನ ರೈತರ ಮನೆಯ ಒಳಹೊರಗನ್ನು ಬಲ್ಲವನಾಗಿದ್ದ. 1813ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ನವೀಕರಣಕ್ಕೆ ಬಂದಾಗ ಬ್ರಿಟನ್ನಿನ ಕಾಮನ್ಸ್ ಸಭೆಯು ಅವನನ್ನು ಸಾಕ್ಷಿಯಾಗಿ ಕರೆಯಿಸಿತು. ವ್ಯಾಪಾರವನ್ನು ಎಲ್ಲರಿಗೂ ತೆರೆದರೆ ಇಂಡಿಯಾದ ಜನ ಬ್ರಿಟನ್ನಿನ ಸರಕನ್ನು ಹೆಚ್ಚಾಗಿ ಕೊಂಡಾರೇ? ಇದು ಅವನ ಮುಂದಿದ್ದ ಪ್ರಶ್ನೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಮಾರುಕಟ್ಟೆಯ ಗಾತ್ರವನ್ನು ಅಂದಾಜಿಸಿ ಹೇಳು ಎಂದು ಕೇಳಿದ್ದರು.

ಕೊಳ್ಳಲಾರರು ಎಂಬುದು ಮನ್ರೋನ ಉತ್ತರ. ಅವರ ಹವೆ ಬೇರೆ, ಊಟ ಉಡುಗೆಗಳು ಬೇರೆ. ಅವರಿಗೆ ಬೇಕಾದುದನ್ನು ಅವರೇ ಅಗ್ಗವಾಗಿ, ಚೆನ್ನಾಗಿ ತಯಾರಿಸಿಕೊಳ್ಳುತ್ತಾರೆ ಎಂದು ಆತ ವಿವರಿಸಿದ. ಇಂಡಿಯಾದ ಶಾಲೊಂದನ್ನು ತಾನು ಏಳು ವರ್ಷ ಬಳಸಿದ್ದರೂ ಅದು ಹೊಸದರಂತೆಯೇ ಇದೆಯೆಂದೂ, ಯುರೋಪಿನ ಶಾಲನ್ನು ಯಾರಾದರೂ ಕಾಣಿಕೆಯಾಗಿ ಕೊಟ್ಟರೂ ತಾನು ಹೊದೆಯುವುದಿಲ್ಲವೆಂದೂ ಹೇಳಿದ. ಎದುರಾಳಿಯ ಸರಕನ್ನು ಸ್ವತಃ ಬಳಸಿ ನೋಡಿ ಹೇಳಿದ ಸಾಕ್ಷ್ಯವದು. ಆಳುವವರ ಪೈಕಿ ಇಷ್ಟು ಪ್ರಾಮಾಣಿಕವಾಗಿ ನುಡಿದವರು ವಿರಳವೆಂದೇ ನನ್ನ ಎಣಿಕೆ.

ಐದು ವರ್ಷಗಳ ತರುವಾಯ ಇದೇ ಮನ್ರೋ ಸೈನ್ಯ ಸಮೇತನಾಗಿ ನಮ್ಮ ಸೀಮೆಗೆ ಬಂದ. 1818ರಲ್ಲಿ ಬಾದಾಮಿಯನ್ನೂ ಬೆಳಗಾವಿಯ ಕೋಟೆಯನ್ನೂ ಹಿಡಿದ. ಬೆಳಗಾವಿಯ ಮುತ್ತಿಗೆಯಲ್ಲಿ ಅವನಿಗೆ ನೆರವಾದವರು ಕಿತ್ತೂರಿನ ದೇಸಾಯಿ ಶಿವಲಿಂಗ ರುದ್ರಸರ್ಜರು. ಆರೇ ವರ್ಷಗಳಲ್ಲಿ, 1824ರಲ್ಲಿ, ಆ ಕಿತ್ತೂರಿಗೆ ಏನಾಯಿತೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಬೈಲಹೊಂಗಲದಲ್ಲಿ ಚನ್ನಮ್ಮನವರ ಸಮಾಧಿಗೆ ಕೈಮುಗಿಯದೆ ಬೆಳೆದವರು ನಿಮ್ಮಲ್ಲಿ ಯಾರೂ ಇರಲಾರರು.

ಅದಿರಲಿ. ಮನ್ರೋನ ಅಂದಾಜು ನಿಜವಾಯಿತೇ? ಅಂಕಿಗಳನ್ನು ನೋಡೋಣ. 1814ರಲ್ಲಿ ಬ್ರಿಟನ್ನಿನಿಂದ ಇಂಡಿಯಾಕ್ಕೆ ಬಂದ ಹತ್ತಿಯ ಬಟ್ಟೆ 8,18,208 ಗಜ. 1835ರಲ್ಲಿ 5,17,77,277 ಗಜ. ಭಾಗಿಸಿ ನೋಡಿದರೆ ಅರವತ್ತಮೂರು ಪಟ್ಟಿಗೂ ಮಿಗಿಲು. ಅದೇ ಅವಧಿಯಲ್ಲಿ ಇಲ್ಲಿಂದ ಬ್ರಿಟನ್ನಿಗೆ ಹೋಗುತ್ತಿದ್ದ ಹತ್ತಿಯ ತಾನುಗಳ ಸಂಖ್ಯೆ 12,66,608ರಿಂದ 3,06,086ಕ್ಕೆ ಇಳಿಯಿತು. ನಮ್ಮ ಜನರ ರುಚಿಯನ್ನು ಮನ್ರೋ ಸರಿಯಾಗಿಯೇ ಅರಿತಿದ್ದ. ಯಂತ್ರವು ದರವನ್ನು ಎಲ್ಲಿಗೆ ಇಳಿಸೀತೆಂಬುದು, ಆಳುವವರ ಸುಂಕ ಯಾರ ಕಡೆಗೆ ವಾಲೀತೆಂಬುದು ಅವನ ಲೆಕ್ಕದಲ್ಲಿ ಇರಲಿಲ್ಲ. ನಮ್ಮ ಬಟ್ಟೆಗೆ ಬ್ರಿಟನ್ನಿನಲ್ಲಿ ಭಾರೀ ಸುಂಕ ಬೀಳುತ್ತಿದ್ದ ಕಾಲದಲ್ಲಿ ಅವರ ಬಟ್ಟೆ ಇಲ್ಲಿ ಹಗುರವಾದ ಸುಂಕ ತೆತ್ತು ಒಳಬರುತ್ತಿತ್ತು.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಬಟ್ಟೆಯೊಡನೆ ಯಂತ್ರದ ನೂಲೂ ಬಂದಿತು. ನೇಕಾರನಿಗೆ ಅದು ಅಗ್ಗದ, ಸಮನಾದ, ಹರಿಯದ ನೂಲು. ಆದುದರಿಂದ ಆತ ಅದನ್ನು ಸ್ವಾಗತಿಸಿದ. ಆದರೆ ಮನೆಯ ಪಡಸಾಲೆಯಲ್ಲಿ ಕುಳಿತು ಹಂಜಿಯಿಂದ ಎಳೆ ತೆಗೆಯುತ್ತಿದ್ದ ಹೆಣ್ಣುಮಗಳಿಗೆ? ನಮ್ಮ ಎರೆಹೊಲದ ಹತ್ತಿಯನ್ನು ರಾಟಿಯಲ್ಲಿ ನೂತು ಮಾರಿ ಎಣ್ಣೆ, ಉಪ್ಪು, ಬೆಲ್ಲ ತರುತ್ತಿದ್ದವಳ ಕಸುಬು ಸದ್ದಿಲ್ಲದೆ ಹೋಯಿತು. ನೇಕಾರರ ಸಂಕಟವನ್ನು ಕುರಿತು ವರದಿಗಳು ಬಂದವು, ಸಮಿತಿಗಳು ಕುಳಿತವು. ನೂಲುವ ಹೆಂಗಸರು ಎಷ್ಟು ಜನರಿದ್ದರು, ಅವರ ಗಳಿಕೆ ಎಷ್ಟಿತ್ತು ಎಂಬುದರ ಕಡೆಗೆ ಅಷ್ಟು ಗಮನ ಹೋಗಲಿಲ್ಲ. ಮಾರುಕಟ್ಟೆಯನ್ನು ಅಳೆಯುವವನು ತನಗೆ ಎದುರು ನಿಂತವರನ್ನು ಮಾತ್ರ ಎಣಿಸುತ್ತಾನೆ. ಅವರೋ ಎದುರು ನಿಲ್ಲುವ ಮೊದಲೇ ಸೋತಿದ್ದರು.

ಇನ್ನು ಎರಡನೆಯ ವ್ಯಕ್ತಿ, ಜಾನ್ ಫೋರ್ಬ್ಸ್ ವಾಟ್ಸನ್. ಮೂಲತಃ ವೈದ್ಯ, ಮುಂಬಯಿ ಸೈನ್ಯದಲ್ಲಿ ಸೇವೆ ಸಲ್ಲಿಸಿ ಮರಳಿದವನು. ಲಂಡನ್ನಿನಲ್ಲಿ ಇಂಡಿಯಾದ ಉತ್ಪನ್ನಗಳನ್ನು ಕುರಿತು ವರದಿ ಮಾಡುವುದು ಅವನ ಹುದ್ದೆಯಾಗಿತ್ತು. 1866ರಲ್ಲಿ ಆತ ಒಂದು ವಿಚಿತ್ರ ಗ್ರಂಥವನ್ನು ಸಿದ್ಧಪಡಿಸಿದ. ಅದರಲ್ಲಿ 18 ಸಂಪುಟಗಳು. ಪುಟಗಳಲ್ಲಿ ಬರಹಕ್ಕೆ ಬದಲಾಗಿ ಬಟ್ಟೆಯ ತುಂಡುಗಳು! ಇಂಡಿಯಾದ ಮಗ್ಗಗಳಲ್ಲಿ ನೇಯ್ದ 700 ಬಗೆಯ ಬಟ್ಟೆಗಳ ಮಾದರಿಗಳನ್ನು ಕತ್ತರಿಸಿ ಅಂಟಿಸಿ ಅಂಕೆ ಹಾಕಿದ್ದ. ಇಂಥ 20 ಪ್ರತಿಗಳು. ಎಲ್ಲ ಸೇರಿ 14,000 ತುಂಡುಗಳಾದವು. ಈ ಪ್ರತಿಗಳಲ್ಲಿ 13 ಬ್ರಿಟನ್ನಿನ ಊರುಗಳಿಗೆ, 7 ಇಂಡಿಯಾಕ್ಕೆ ಸಲ್ಲಬೇಕೆಂದು ಗೊತ್ತುಮಾಡಿದರು. ಒಂದೇ ಅಂಕೆಯ ತುಂಡನ್ನು ಅಲ್ಲಿಯ ಗಿರಣಿಯವನೂ ಇಲ್ಲಿಯ ವರ್ತಕನೂ ಏಕಕಾಲಕ್ಕೆ ನೋಡಿ ಮಾತನಾಡಬಹುದಾದ ಏರ್ಪಾಡದು. ಟಪಾಲು ಹೋಗಿ ಬರಲು ವಾರಗಳು ಹಿಡಿಯುತ್ತಿದ್ದ ಕಾಲದಲ್ಲಿ ಇದು ಎಂಥ ಜಾಣತನ ನೋಡಿ!

ಫೋರ್ಬ್ಸ್ ವಾಟ್ಸನ್ ಕಂಡುಕೊಂಡ ಮುಖ್ಯ ಸತ್ಯ ನಮಗೆ ಅತಿ ಸಾಮಾನ್ಯವಾಗಿ ತೋರೀತು. ಇಂಡಿಯಾದ ಬಹುಪಾಲು ಉಡುಗೆಗೆ ಕತ್ತರಿಯೂ ಬೇಡ, ಸೂಜಿಯೂ ಬೇಡ. ಸೀರೆ, ಧೋತರ, ರುಮಾಲು ಮಗ್ಗದಿಂದ ಇಳಿದಾಗಲೇ ಪೂರ್ಣವಾದ ಉಡುಪು. ಆದ್ದರಿಂದ ಉದ್ದ ಅಗಲಗಳಲ್ಲಿ ಕೊಂಚ ವ್ಯತ್ಯಾಸವಾದರೂ ಅದು ಉಪಯೋಗವಿಲ್ಲ. ದಡಿ ಇರಬೇಕಾದಲ್ಲಿ ಇರದಿದ್ದರೆ ಹೆಂಗಸರು ಮುಟ್ಟುವುದಿಲ್ಲ. ನಮ್ಮವರ ಸೀರೆ ಇಷ್ಟು ಗಜವೇ ಆಗಿರಬೇಕು, ಸೆರಗು ಇಂಥದೇ ಆಗಿರಬೇಕು ಎಂಬ ಕಟ್ಟುಪಾಡನ್ನು ಅರಿಯದೆ ಗಿರಣಿಗಳು ಬರಿದೇ ತಾನು ತಾನು ಬಟ್ಟೆ ಕಳುಹಿದರೆ ಪ್ರಯೋಜನವಿಲ್ಲವೆಂದು ಆತ ತನ್ನವರಿಗೆ ತಿಳಿಹೇಳಿದ. ಎರಡನೆಯ ಮಾತೂ ಅಷ್ಟೇ ಮಹತ್ವದ್ದು: ಶ್ರೀಮಂತರ ಜರಿಯ ಬಟ್ಟೆಗೆ, ನಯವಾದ ಮಲಮಲ್ಲಿಗೆ ಕೈಹಾಕಬೇಡಿ, ಅಲ್ಲಿ ಇಂಡಿಯಾದ ಕೈಗಳನ್ನು ಮೀರುವುದು ಕಷ್ಟ, ಕೋಟ್ಯಂತರ ಬಡವರು ನಿತ್ಯ ಉಡುವ ಸಾದಾ ಬಟ್ಟೆಯೇ ನಿಮ್ಮ ಮಾರುಕಟ್ಟೆ. ಪ್ರತಿಸ್ಪರ್ಧಿ ಎಲ್ಲಿ ಗಟ್ಟಿ, ಎಲ್ಲಿ ದುರ್ಬಲ ಎಂದು ಹುಡುಕಿ, ದುರ್ಬಲನಾದಲ್ಲಿ ಹೊಡೆಯಿರಿ ಎಂದಂತಾಯಿತು.

ಸಾದಾ ಧೋತರ, ಅಂಗಿಯ ಬಟ್ಟೆಗಳಲ್ಲಿ ಗಿರಣಿ ಗೆದ್ದಿತು. ದಡಿ ಸೀರೆಯಲ್ಲಿ ಬಹುಕಾಲ ಗೆಲ್ಲಲಿಲ್ಲ. ಕಾರಣ ಮಗ್ಗದ ಕಟ್ಟಿನಲ್ಲಿಯೇ ಇದೆ. ಇಳಕಲ್ ಸೀರೆಯನ್ನು ನೆನೆಯಿರಿ. ಅದರ ಒಡಲ ಹಾಸಿಗೆ ಹತ್ತಿಯ ಎಳೆ, ಸೆರಗಿನ ಹಾಸಿಗೆ ರೇಷ್ಮೆಯ ಎಳೆ. ಇವೆರಡನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಒಂದೊಂದು ಸೀರೆಗೂ ಹೀಗೆ ಮತ್ತೆ ಕೊಂಡಿ ಹಾಕಬೇಕು. ಮೈಲುಗಟ್ಟಲೆ ಒಂದೇ ಹಾಸನ್ನು ಓಡಿಸಿದರೆ ಮಾತ್ರ ಲಾಭ ಕಾಣುವ ಯಂತ್ರಕ್ಕೆ ಇದು ಒಗ್ಗುವುದಿಲ್ಲ. ಇನ್ನು ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಬರುವ ಜನಸ್ತೋಮವನ್ನು ಎಣಿಸಿಕೊಳ್ಳಿ. ದೇವಿಗೆ ಸೀರೆ, ಉಡಿ ತುಂಬಲು ಖಣ ಬೇಕೇ ಬೇಕು. ಅದರ ಬಣ್ಣಕ್ಕೂ ದಡಿಗೂ ರೂಢಿಯಿದೆ. ಈ ಭಾಗದಲ್ಲಿ ಸೀರೆ ಮಾರುವವನಿಗೆ ಜಾತ್ರೆ, ಲಗ್ನಸರಾಯಿ, ಜೋಳದ ಸುಗ್ಗಿ ಇವು ಮೂರೇ ಪಂಚಾಂಗ. ಜೋಳ ಕೈಕೊಟ್ಟ ವರ್ಷ ಸೀರೆ ಉಳಿಯಿತೆಂದೇ ಅರ್ಥ. 1876-77ರ ಭೀಕರ ಬರದಲ್ಲಿ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ನರಳಿದಾಗ ನೇಕಾರರಿಗೆ ಮ್ಯಾಂಚೆಸ್ಟರಿಗಿಂತ ದೊಡ್ಡ ವೈರಿ ಬರಿದಾದ ಹಗೇವೇ ಆಗಿತ್ತು.

1884ರಲ್ಲಿ ಮುಂಬಯಿ ಪ್ರಾಂತದ ಗ್ಯಾಝೆಟಿಯರಿನ ಬೆಳಗಾವಿ ಸಂಪುಟ ಹೊರಬಂದಿತು. ಆಗ ಬೈಲಹೊಂಗಲ, ಕಿತ್ತೂರುಗಳು ಸಂಪಗಾವಿ ತಾಲೂಕಿಗೆ ಸೇರಿದ್ದವು. ಸವದತ್ತಿಯು ಪರಸಗಡ ತಾಲೂಕಿನ ಠಾಣೆ. ರಾಮದುರ್ಗವು ಭಾವೆ ಮನೆತನದ ಸಂಸ್ಥಾನವಾದುದರಿಂದ ಅದರ ಲೆಕ್ಕ ಜಿಲ್ಲೆಯ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ನೇಕಾರನ ಸೀರೆಗೆ ಮಾತ್ರ ಈ ಗಡಿ ಗೊತ್ತಿರಲಿಲ್ಲ. ರಾಮದುರ್ಗದ ಮಗ್ಗದಿಂದ ಇಳಿದದ್ದು ಸವದತ್ತಿಯ ಸಂತೆಯಲ್ಲಿ ಬಿಕರಿಯಾಗಲು ಯಾವ ಅಡ್ಡಿಯೂ ಇರಲಿಲ್ಲ. ಮುಂದೆ ಮೂರೇ ವರ್ಷಗಳಲ್ಲಿ, 1887ರಲ್ಲಿ, ಗೋಕಾಕ ಫಾಲ್ಸಿನ ಗಿರಣಿ ಕೆಲಸ ಆರಂಭಿಸಿತು. ಅದು ಮುಖ್ಯವಾಗಿ ನೂಲಿನ ಗಿರಣಿ. ಹೀಗಾಗಿ ನಮ್ಮ ನೇಕಾರರಿಗೆ ಗಿರಣಿಯೆಂಬುದು ಒಂದು ಕೈಯಿಂದ ನೂಲು ಕೊಡುವ, ಇನ್ನೊಂದು ಕೈಯಿಂದ ಗಿರಾಕಿಯನ್ನು ಸೆಳೆಯುವ ಚಮತ್ಕಾರಿಕ ನೆರೆಯವನಾಯಿತು.

ನಮ್ಮವರ ಪಾಲೆಷ್ಟು ಎಂಬ ಲೆಕ್ಕ ಸರಿಯಾಗಿ ಹೊರಬರಲು 1942ರ ವರೆಗೆ ಕಾಯಬೇಕಾಯಿತು. ಡಾ. ಪಿ. ಜೆ. ಥಾಮಸ್ ಅವರ ಅಧ್ಯಕ್ಷತೆಯ ಸತ್ಯಶೋಧನ ಸಮಿತಿಯು ಕೈಮಗ್ಗ ಮತ್ತು ಗಿರಣಿಗಳನ್ನು ಕುರಿತು ಆ ವರ್ಷ ವರದಿ ಒಪ್ಪಿಸಿತು. ಗಿರಣಿಗೆ ದಫ್ತರವಿದೆ, ಎಷ್ಟು ನೇಯ್ದಿತೆಂದು ಅದನ್ನು ತೆರೆದರೆ ತಿಳಿಯುತ್ತದೆ. ಊರೂರಲ್ಲಿ ಚದುರಿದ ಲಕ್ಷಾಂತರ ಮಗ್ಗಗಳಿಗೆ ದಫ್ತರವೆಲ್ಲಿಯದು? ಅದಕ್ಕಾಗಿ ಕೈಮಗ್ಗದ ಲೆಕ್ಕವನ್ನು ಕಳೆಯುವ ಲೆಕ್ಕವಾಗಿ ಮಾಡುವ ರೂಢಿ ಬೆಳೆದಿತ್ತು. ನಾನು ತರಗತಿಯಲ್ಲಿ ಹೇಳುವಂತೆ ಹೇಳುತ್ತೇನೆ. ದೇಶದಲ್ಲಿ ತಯಾರಾದ ನೂಲು, ಹೊರಗಿನಿಂದ ಬಂದ ನೂಲು ಕೂಡಿ 100 ಪೌಂಡು ಎನ್ನಿ. ಹೊರದೇಶಕ್ಕೆ ಹೋದದ್ದು 5. ಗಿರಣಿಗಳು ತಮ್ಮ ಮಗ್ಗಗಳಿಗೇ ಬಳಸಿದ್ದು 65. ಹಗ್ಗ, ಲಾಡಿ, ದಾರ ಮುಂತಾದುವಕ್ಕೆ 5. ಉಳಿದ 25 ಪೌಂಡು ಕೈಮಗ್ಗಕ್ಕೆ ಹೋಗಿರಲೇಬೇಕು. ಒಂದು ಪೌಂಡಿಗೆ ಇಷ್ಟು ಗಜವೆಂದು ಗುಣಿಸಿದರೆ ಕೈಮಗ್ಗದ ಬಟ್ಟೆ ಎಷ್ಟೆಂದು ಸಿಗುತ್ತದೆ. (ಈ ಅಂಕಿಗಳು ಕೇವಲ ಕಲ್ಪಿತ, ರೀತಿಯನ್ನು ತಿಳಿಯಲು.)

ಇದರ ದೋಷವೂ ನಿಮಗೆ ಹೊಳೆದಿರಬೇಕು. ಕೊನೆಯ ಗುಣಾಕಾರದಲ್ಲಿಯೇ ತೊಡಕು. ದಪ್ಪ ನೂಲಿನ ಜಮಖಾನೆಗೂ ನಯ ನೂಲಿನ ರುಮಾಲಿಗೂ ಒಂದೇ ಗಜದ ದರ ಹಿಡಿದರೆ ಉತ್ತರ ಕೆಡುತ್ತದೆ. ಕೈನೂಲಿನ ಬಟ್ಟೆ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಆದರೂ ಆ ಕಾಲದ ಅಂದಾಜುಗಳು ಒಂದು ಮಾತನ್ನು ಸ್ಥಿರಪಡಿಸಿದವು. ದೇಶದಲ್ಲಿ ಸುಮಾರು 20 ಲಕ್ಷ ಕೈಮಗ್ಗಗಳಿದ್ದವು. ಜನ ಬಳಸುವ ಬಟ್ಟೆಯ ನಾಲ್ಕರಲ್ಲಿ ಒಂದು ಪಾಲಿನ ಆಸುಪಾಸು ಇನ್ನೂ ಅವುಗಳದ್ದೇ ಆಗಿತ್ತು. ಸತ್ತೇಹೋಯಿತೆಂದು ಎಲ್ಲರೂ ಭಾಷಣ ಮಾಡುತ್ತಿದ್ದ ಕಸುಬು ಬದುಕಿದೆಯೆಂದು ಕಳೆಯುವ ಲೆಕ್ಕವೊಂದು ತೋರಿಸಿತು. ಸಹಾಯ ಬೇಡುವವರಿಗೆ ಅಂಕಿಯೊಂದು ಕೈಗೆ ಸಿಕ್ಕಂತಾಯಿತು. ಸ್ವಾತಂತ್ರ್ಯಾನಂತರದ ಸಹಕಾರಿ ಸಂಘಗಳಿಗೆ, ಕೈಮಗ್ಗಕ್ಕೆ ಕೆಲವು ಬಟ್ಟೆಗಳನ್ನು ಕಾಯ್ದಿರಿಸಿದ 1985ರ ಕಾನೂನಿಗೆ ಇಂಥ ಲೆಕ್ಕಗಳ ಬಲವಿತ್ತು. ಆ ಕಾನೂನಿನಲ್ಲಿ ಮೊದಲು 22 ಬಗೆಯ ಬಟ್ಟೆಗಳಿದ್ದವು, ಮುಂದೆ 11ಕ್ಕೆ ಇಳಿದವು. ದಡಿಯುಳ್ಳ ಸೀರೆ ಅದರಲ್ಲಿ ಉಳಿಯಿತು. ವಿದ್ಯುತ್ ಮಗ್ಗಗಳು ಕಾನೂನನ್ನು ಹೇಗೆ ಬಗೆದವು ಎಂಬುದು ಬೇರೆಯೇ ಲೇಖನದ ವಿಷಯ.

ಫೋರ್ಬ್ಸ್ ವಾಟ್ಸನ್ನನ ಸಂಪುಟಗಳು ಇನ್ನೂ ಇವೆ. ಇಂಗ್ಲೆಂಡಿನ ಪ್ರೆಸ್ಟನ್ ಪಟ್ಟಣದ ಹ್ಯಾರಿಸ್ ವಸ್ತುಸಂಗ್ರಹಾಲಯದಲ್ಲಿ ಒಂದು ಪ್ರತಿಯಿದೆ. ಅಲ್ಲಿಯ ಗಿರಣಿಗಳು ಮುಚ್ಚಿ ದಶಕಗಳಾದುವು. ನಿಮ್ಮಲ್ಲಿ ಆ ದೇಶದಲ್ಲಿರುವವರು ಒಮ್ಮೆ ಹೋಗಿ ನೋಡಿ ಬರೆಯಿರಿ. ತುಂಡಿನ ಜೊತೆಗೆ ಊರು, ಉದ್ದ, ಅಗಲ, ತೂಕ, ದರಗಳನ್ನು ಬರೆದಿರುತ್ತಾರೆ. ನೇಯ್ದವನ ಹೆಸರಿಗೆ ಅಂಕಣವಿಲ್ಲ.