ಹತ್ತು ಊರಿನ ಗಂಟು, ಒಂದೇ ಲಾರಿ

ಗದಗ-ಬೆಟಗೇರಿಯ ನೇಕಾರರೊಬ್ಬರು ಬೆಂಗಳೂರಿನ ಅಂಗಡಿಗೆ ಒಂದು ಗಂಟು ಸೀರೆ ಕಳಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ಅದೊಂದಕ್ಕಾಗಿ ಒಂಬತ್ತು ಟನ್ ಹೊರುವ ಲಾರಿ ಹಿಡಿದರೆ ಲಾಭವೆಲ್ಲ ಬಾಡಿಗೆಗೇ ಹೋಗುತ್ತದೆ. ಹಿಂದೆ ಇಂಥ ಬಿಡಿ ಸರಕನ್ನು ರೈಲು ಒಯ್ಯುತ್ತಿತ್ತು. ರೈಲ್ವೆಯವರು ಇದನ್ನು 'ಸ್ಮಾಲ್ಸ್' ಎನ್ನುತ್ತಿದ್ದರು. ಕ್ರಮೇಣ ರೈಲ್ವೆ ಇದನ್ನು ಕೈಬಿಟ್ಟು, ಇಡೀ ಗಾಡಿ ತುಂಬುವ ಕಲ್ಲಿದ್ದಲು, ಅದಿರು, ಧಾನ್ಯಗಳತ್ತ ವಾಲಿತು. ಸಣ್ಣ ವ್ಯಾಪಾರಿಗೆ ಉಳಿದದ್ದು ಲಾರಿ ಆಫೀಸು.

ಇದೇ ಗದಗದಲ್ಲಿ 1976ರಲ್ಲಿ ವಿಜಯ ಸಂಕೇಶ್ವರ ಅವರು ಒಂದೇ ಲಾರಿಯಿಂದ ಸಾಗಣೆ ವ್ಯವಹಾರ ಆರಂಭಿಸಿದರು. ಮುಂದೆ ಹುಬ್ಬಳ್ಳಿಯನ್ನು ಕೇಂದ್ರ ಮಾಡಿಕೊಂಡ ಅವರ ವಿಜಯಾನಂದ ರೋಡ್‌ಲೈನ್ಸ್, ಬಿಡಿ ಪಾರ್ಸೆಲುಗಳನ್ನು ಕೂಡಿಸಿ ಸಾಗಿಸುವುದರಲ್ಲೇ ಬೆಳೆಯಿತು.

ಕೇಂದ್ರವೇಕೆ ಬೇಕು? ಲೆಕ್ಕ ಹಾಕಿ ನೋಡಿ. ಇಪ್ಪತ್ತು ಊರುಗಳಿದ್ದು, ಪ್ರತಿ ಊರಿನಿಂದ ಉಳಿದೆಲ್ಲ ಊರಿಗೂ ನೇರ ಲಾರಿ ಬಿಡಬೇಕಾದರೆ 190 ಮಾರ್ಗಗಳು. ಆ ಲಾರಿಗಳಲ್ಲಿ ಹೆಚ್ಚಿನವು ಅರ್ಧ ಖಾಲಿ. ಎಲ್ಲ ಸರಕನ್ನೂ ನಡುವಿನ ಒಂದು ಗೋದಾಮಿಗೆ ತಂದು, ಊರುವಾರು ವಿಂಗಡಿಸಿ ಕಳಿಸಿದರೆ ಇಪ್ಪತ್ತೇ ಮಾರ್ಗ ಸಾಕು. ಗದಗದಿಂದ ಪೂರ್ವದ ಬಳ್ಳಾರಿಗೆ ಹೋಗುವ ಗಂಟು ಮೊದಲು ಪಶ್ಚಿಮದ ಹುಬ್ಬಳ್ಳಿಗೆ ಹೋಗಬೇಕಾಗಬಹುದು. ಭೂಪಟದಲ್ಲಿ ಇದು ಹುಚ್ಚುತನ, ಲೆಕ್ಕದ ಪುಸ್ತಕದಲ್ಲಿ ಅಲ್ಲ!

ತುಂಬುವುದರಲ್ಲೂ ಜಾಣತನವಿದೆ. ಕಬ್ಬಿಣವೊಂದನ್ನೇ ಹೇರಿದರೆ ಜಾಗ ಉಳಿದಿರುವಾಗಲೇ ತೂಕದ ಮಿತಿ ಮುಟ್ಟುತ್ತದೆ. ಪ್ಲಾಸ್ಟಿಕ್ ಕೊಡಗಳನ್ನಷ್ಟೇ ಪೇರಿಸಿದರೆ ಭಾರವಿಲ್ಲದೆಯೇ ಜಾಗ ತುಂಬುತ್ತದೆ. ಕೆಳಗೆ ಕಬ್ಬಿಣ, ಮೇಲೆ ಕೊಡ ಇಟ್ಟರೆ ಎರಡರ ಬಾಡಿಗೆಯೂ ದಕ್ಕುತ್ತದೆ. ಕೊನೆಯಲ್ಲಿ ಇಳಿಸಬೇಕಾದ ಸರಕು ಮೊದಲು ಒಳಗೆ ಹೋಗಬೇಕು. ಅನುಭವಿ ಹಮಾಲರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಗಂಟು ಎರಡೆರಡು ಸಲ ಇಳಿದು ಹತ್ತುವಾಗ ಒಡೆಯಬಹುದು, ಬೇರೊಂದು ಊರಿನ ರಾಶಿಗೆ ಸೇರಿಹೋಗಬಹುದು. ಆಗ ನಮ್ಮ ನೇಕಾರರು ಯಾರನ್ನು ಕೇಳಬೇಕು? ಉತ್ತರ ಲಾರಿಗಿಂತಲೂ ಹಳೆಯದು. 1865ರ ಕ್ಯಾರಿಯರ್ಸ್ ಕಾಯಿದೆ, ಭೇದವಿಲ್ಲದೆ ಎಲ್ಲರ ಸರಕನ್ನೂ ಬಾಡಿಗೆಗೆ ಒಯ್ಯುವವರ ಮೇಲೆ ಹೊಣೆ ಹೊರಿಸಿತು. ಸರಕು ಕಳೆದು ದಾವೆ ಹೂಡಿದಾಗ, ಸಾಗಣೆದಾರರ ನಿರ್ಲಕ್ಷ್ಯವೇ ಕಾರಣವೆಂದು ಒಡೆಯರು ರುಜುವಾತು ಮಾಡಬೇಕಾಗಿರಲಿಲ್ಲ. ಲಾರಿಯೊಳಗೆ, ಗೋದಾಮಿನ ಕತ್ತಲಲ್ಲಿ ಏನಾಯಿತೆಂದು ಬೆಟಗೇರಿಯಲ್ಲಿ ಕುಳಿತವರು ತೋರಿಸುವುದಾದರೂ ಹೇಗೆ? 2007ರ ರಸ್ತೆ ಸಾಗಣೆ ಕಾಯಿದೆ 2011ರಲ್ಲಿ ಜಾರಿಗೆ ಬಂದು ಹಳೆಯದು ರದ್ದಾದಾಗಲೂ ಈ ನಿಯಮ ಉಳಿಯಿತು. ಸರಕು ಒಪ್ಪಿಸಿದಾಗ ಕೈಗೆ ಬರುವ ಬಿಲ್ಟಿಯನ್ನು ವ್ಯಾಪಾರಿಗಳು ಜೋಪಾನವಾಗಿ ತೆಗೆದಿಡುವುದು ಇದಕ್ಕೇ.