ತಾಯಿಯ ಹೆಸರು ಹೊತ್ತ ಅರಸರು

ವಿದ್ಯಾರ್ಥಿಗಳೇ, ನಿಮ್ಮ ತರಗತಿಯ ಹಾಜರಿ ಪುಸ್ತಕವನ್ನು ಒಮ್ಮೆ ನೆನಪಿಸಿಕೊಳ್ಳಿ. ಒಂದೇ ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದರೆ ಮೇಷ್ಟ್ರು ಹೇಗೆ ಕೂಗುತ್ತಾರೆ? ಹೆಸರಿನ ಜೊತೆಗಿರುವ ಇನಿಷಿಯಲ್ ಸೇರಿಸಿ ಕೂಗುತ್ತಾರೆ. ಆ ಅಕ್ಷರಗಳಲ್ಲಿ ಒಂದು ಹೆಚ್ಚಾಗಿ ಊರಿನದು, ಇನ್ನೊಂದು ತಂದೆಯದು. ತಾಯಿಯ ಹೆಸರಿನ ಅಕ್ಷರ ಅಲ್ಲಿ ಸಿಗುವುದು ಅಪರೂಪ. ಆದರೆ ಸುಮಾರು 1,900 ವರ್ಷಗಳ ಹಿಂದೆ ದಖ್ಖನ್ ಪ್ರದೇಶವನ್ನು ಆಳಿದ ಶಾತವಾಹನ ಅರಸರು ತಾವು ಯಾರೆಂದು ಹೇಳಿಕೊಳ್ಳಲು ತಾಯಿಯನ್ನು ಮುಂದಿಟ್ಟರು. ಗೌತಮೀಪುತ್ರ ಶಾತಕರ್ಣಿ, ವಾಸಿಷ್ಠೀಪುತ್ರ ಪುಳುಮಾವಿ ಎಂಬ ಹೆಸರುಗಳನ್ನು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಇವುಗಳ ಅರ್ಥವೇನೆಂದು ಇಲ್ಲಿ ವಿಚಾರ ಮಾಡೋಣ.

ನಾಸಿಕದ ಗುಹೆಯ ಶಾಸನ

ಮಹಾರಾಷ್ಟ್ರದ ನಾಸಿಕದ ಬಳಿ ಬೆಟ್ಟದಲ್ಲಿ ಕೊರೆದ ಬೌದ್ಧ ಗುಹೆಗಳಿವೆ. ಅವುಗಳಲ್ಲಿ ಮೂರನೆಯದರಲ್ಲಿ ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ದೊಡ್ಡದೊಂದು ಶಾಸನವಿದೆ. ಅದು ವಾಸಿಷ್ಠೀಪುತ್ರ ಪುಳುಮಾವಿಯ ಆಳ್ವಿಕೆಯ 19ನೆಯ ವರ್ಷದ್ದು. ಅದನ್ನು ಬರೆಸಿದವಳು ಅರಸನ ಅಜ್ಜಿ, ರಾಜಮಾತೆ ಗೌತಮೀ ಬಲಶ್ರೀ. ಭಿಕ್ಷುಗಳಿಗೆ ಗುಹೆಯನ್ನು ದಾನ ಕೊಟ್ಟ ಸಂದರ್ಭದಲ್ಲಿ ಆಕೆ ತನ್ನ ಮಗ ಶಾತಕರ್ಣಿಯ ಸಾಹಸಗಳನ್ನು ಕಲ್ಲಿನಲ್ಲಿ ಕೊರೆಸಿದಳು. ಕ್ಷಹರಾತ ವಂಶವನ್ನು ಅವನು ಬೇರುಸಹಿತ ಕಿತ್ತ ಸಂಗತಿ ಅಲ್ಲಿದೆ. ತಾಯಿಯ ಸೇವೆಯನ್ನು ತಪ್ಪದೆ ಮಾಡಿದವನೆಂಬ ಮಾತೂ ಇದೆ. ಗೌತಮೀಪುತ್ರನ ವಿಷಯದಲ್ಲಿ ಇಂದು ನಮಗೆ ತಿಳಿದಿರುವ ಬಹಳಷ್ಟು ಸಂಗತಿ ಅವನ ತಾಯಿ ಬರೆಸಿದ ಈ ಶಾಸನದಿಂದಲೇ ಬಂದದ್ದು.

ಇದನ್ನು ನೋಡಿ, ಶಾತವಾಹನರಲ್ಲಿ ಅಧಿಕಾರ ತಾಯಿಯ ಕಡೆಯಿಂದ ಬರುತ್ತಿತ್ತೇ ಎಂಬ ಪ್ರಶ್ನೆ ಏಳುವುದು ಸಹಜ. ಇಲ್ಲಿ ನಾವು ಎಚ್ಚರದಿಂದಿರಬೇಕು. ಶಾತಕರ್ಣಿಯ ನಂತರ ಪಟ್ಟಕ್ಕೆ ಬಂದವನು ಅವನ ಮಗ ಪುಳುಮಾವಿ. ಅಂದರೆ ಸಿಂಹಾಸನ ತಂದೆಯಿಂದ ಮಗನಿಗೇ ಹೋಯಿತು. ಹೆಸರು ತಾಯಿಯದಾದರೂ ರಾಜ್ಯ ತಂದೆಯದು.

ಇನ್ನೊಂದು ಸೂಕ್ಷ್ಮವೂ ಇದೆ. ರಾಜಮಾತೆಯ ಸ್ವಂತ ಹೆಸರು ಬಲಶ್ರೀ. 'ಗೌತಮೀ' ಎಂದರೆ ಗೌತಮ ಗೋತ್ರದವಳು. 'ವಾಸಿಷ್ಠೀ' ಎಂದರೆ ವಸಿಷ್ಠ ಗೋತ್ರದವಳು. ಇದೇ ವಂಶದಲ್ಲಿ ಮುಂದೆ ಬಂದ ಯಜ್ಞ ಶಾತಕರ್ಣಿಯೂ ಗೌತಮೀಪುತ್ರನೇ. ಅವನ ತಾಯಿಯೂ ಗೌತಮ ಗೋತ್ರದ ಇನ್ನೊಬ್ಬ ಸ್ತ್ರೀ ಎಂದು ಇದರಿಂದ ತಿಳಿಯುತ್ತದೆ. ಅರಸರಿಗೆ ಹಲವು ರಾಣಿಯರು, ವಂಶದಲ್ಲಿ ಹಲವು ಶಾತಕರ್ಣಿಗಳು. ಯಾವ ರಾಣಿಯ ಮಗ ಯಾರು ಎಂದು ಗುರುತಿಸಲು ಈ ಪದ್ಧತಿ ನೆರವಾಗಿರಬೇಕು. ಮದುವೆಯ ನಂತರವೂ ರಾಣಿ ತವರಿನ ಗೋತ್ರದಿಂದಲೇ ಗುರುತಾಗುತ್ತಿದ್ದಳು ಎಂಬುದು ಗಮನಿಸಬೇಕಾದ ಸಂಗತಿ.

ಇದು ಅರಸರಿಗೆ ಮಾತ್ರ ಸೀಮಿತವಾದ ಪದ್ಧತಿಯಲ್ಲ. ಬೃಹದಾರಣ್ಯಕ ಉಪನಿಷತ್ತಿನ ಕೊನೆಯಲ್ಲಿ ಬರುವ ಗುರುಪರಂಪರೆಯ ಪಟ್ಟಿಯಲ್ಲಿ ಕಾತ್ಯಾಯನೀಪುತ್ರ, ಗೌತಮೀಪುತ್ರ ಮೊದಲಾದ ಹೆಸರುಗಳಿವೆ. ಬುದ್ಧನ ಶಿಷ್ಯ ಸಾರಿಪುತ್ರನ ಹೆಸರೂ ತಾಯಿಯಿಂದ ಬಂದದ್ದು. ಛಾಂದೋಗ್ಯ ಉಪನಿಷತ್ತಿನ ಬಾಲಕ ಸತ್ಯಕಾಮನಿಗೆ ತನ್ನ ಗೋತ್ರವೇ ಗೊತ್ತಿರಲಿಲ್ಲ. ತಾಯಿ ಜಬಾಲೆ ಹೇಳಿಕೊಟ್ಟಂತೆ ಅವನು ಗುರುವಿನ ಮುಂದೆ ತಾನು ಸತ್ಯಕಾಮ ಜಾಬಾಲ ಎಂದನು. ಆ ನಿಜವನ್ನು ಮೆಚ್ಚಿ ಗುರು ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು.

ಬನವಾಸಿಯಿಂದ ಬಾದಾಮಿಗೆ

ಕನ್ನಡ ನಾಡಿಗೂ ಈ ಪದ್ಧತಿ ಬಂದಿತು. ಶಾತವಾಹನರ ನಂತರ ಬನವಾಸಿಯಿಂದ ಆಳಿದ ಚುಟು ವಂಶದ ಅರಸ ಹಾರೀತಿಪುತ್ರ ಶಾತಕರ್ಣಿ. ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯ ಕಂಬದ ಶಾಸನದಲ್ಲಿ ಅವನ ಹೆಸರಿದೆ. ಮುಂದೆ ಕದಂಬರೂ ಬಾದಾಮಿಯ ಚಾಲುಕ್ಯರೂ ತಮ್ಮನ್ನು 'ಹಾರೀತಿಪುತ್ರ'ರೆಂದು ಕರೆದುಕೊಂಡರು. ಒಂದು ವಂಶದ ಎಲ್ಲ ಅರಸರ ತಾಯಂದಿರೂ ಒಂದೇ ಗೋತ್ರದವರಾಗಿರಲು ಸಾಧ್ಯವೇ? ಆದ್ದರಿಂದ ಆ ವೇಳೆಗೆ ಅದು ಒಬ್ಬ ತಾಯಿಯ ಗುರುತಾಗಿ ಉಳಿದಿರಲಿಲ್ಲ, ವಂಶದ ಬಿರುದಾಗಿತ್ತು.

ಚಾಲುಕ್ಯರಲ್ಲಿ ಮಗುವಿಗೆ ಹಿರಿಯರ ಹೆಸರಿಡುವ ಇನ್ನೊಂದು ರೂಢಿ ಕಾಣುತ್ತದೆ. ಕ್ರಿ.ಶ. 543ರ ಬಾದಾಮಿಯ ಬಂಡೆ ಶಾಸನದ ಪುಲಕೇಶಿ ತಾತ, ಕ್ರಿ.ಶ. 634ರ ಐಹೊಳೆ ಶಾಸನದ ಪುಲಕೇಶಿ ಮೊಮ್ಮಗ. ನಡುವಿನ ಕೀರ್ತಿವರ್ಮ ಮೊದಲನೆಯವನ ಮಗ, ಎರಡನೆಯವನ ತಂದೆ. 'ಒಂದನೆಯ', 'ಎರಡನೆಯ' ಎಂಬ ಸಂಖ್ಯೆಗಳನ್ನು ಸೇರಿಸಿದವರು ಆಧುನಿಕ ಇತಿಹಾಸಕಾರರು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ವಾಡಿಕೆ ನಮ್ಮ ಎಷ್ಟೋ ಮನೆಗಳಲ್ಲಿ ಇಂದಿಗೂ ಇದೆ. ಮಾವನ ಹೆಸರು ಹೇಳಬಾರದೆಂದು ಸೊಸೆ ಆ ಮಗುವನ್ನು 'ಪುಟ್ಟ' ಎಂದು ಕರೆಯುವುದೂ ಉಂಟು!

ಇಂದಿನ ಮಾತು

ತಾಯಿಯ ಹೆಸರು ಪೂರ್ತಿ ಮರೆಯಾಗಲಿಲ್ಲ. ವರಕವಿ ದ.ರಾ. ಬೇಂದ್ರೆಯವರ ಇನಿಷಿಯಲ್‌ನಲ್ಲಿ ತಂದೆ ರಾಮಚಂದ್ರರಿದ್ದಾರೆ. ಅವರ ಕಾವ್ಯನಾಮ 'ಅಂಬಿಕಾತನಯದತ್ತ'ದಲ್ಲಿ ತಾಯಿ ಇದ್ದಾರೆ. ಕಾನೂನಿನಲ್ಲಿಯೂ ಬದಲಾವಣೆಯಾಗಿದೆ. 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಂದೆ ಬದುಕಿರುವಾಗಲೂ ತಾಯಿ ಮಗುವಿನ ಸಹಜ ಪೋಷಕಿಯಾಗಬಹುದೆಂದು ಹೇಳಿತು. 2016ರ ಡಿಸೆಂಬರ್‌ನಲ್ಲಿ ಬದಲಾದ ನಿಯಮದಂತೆ ಪಾಸ್‌ಪೋರ್ಟ್ ಅರ್ಜಿಯಲ್ಲಿ ತಂದೆ ಅಥವಾ ತಾಯಿ, ಒಬ್ಬರ ಹೆಸರು ಕೊಟ್ಟರೆ ಸಾಕು. ಗೌತಮೀ ಬಲಶ್ರೀಯ ಶಾಸನವಿರುವ ಮಹಾರಾಷ್ಟ್ರದಲ್ಲಿ, 2024ರ ಮೇ 1ರಿಂದ ಹುಟ್ಟಿದ ಮಕ್ಕಳ ಸರ್ಕಾರಿ ದಾಖಲೆಗಳಲ್ಲಿ ಮಗುವಿನ ಹೆಸರಿನ ನಂತರ ತಾಯಿಯ ಹೆಸರು, ಆಮೇಲೆ ತಂದೆಯ ಹೆಸರು ಬರಬೇಕೆಂದು ಸರ್ಕಾರ ತೀರ್ಮಾನಿಸಿತು.

ಹೆಸರಿನಲ್ಲಿ ತಾಯಿ ಇದ್ದ ಮಾತ್ರಕ್ಕೆ ಅಧಿಕಾರ ಅವಳದಾಗುವುದಿಲ್ಲ ಎಂಬುದನ್ನು ಶಾತವಾಹನರ ಚರಿತ್ರೆ ತಿಳಿಸುತ್ತದೆ. ಆದರೆ ಹೆಸರೇ ಇಲ್ಲದಿದ್ದರೆ ಅವಳು ಇದ್ದಳೆಂಬ ನೆನಪೂ ಅಳಿಯುತ್ತದೆ. ಬಲಶ್ರೀ ತನ್ನ ಹೆಸರನ್ನು ಕಲ್ಲಿನಲ್ಲಿ ಬರೆಸಿದ್ದರಿಂದ ಉಳಿದಳು.

ಈ ವಾರ ಒಂದು ಕೆಲಸ ಮಾಡಿ. ಮನೆಯ ಹಿರಿಯರ ಬಳಿ ಕುಳಿತು ನಿಮ್ಮ ವಂಶವೃಕ್ಷ ಬರೆಯಿರಿ. ಮುತ್ತಾತನ ಹೆಸರು ಬೇಗನೆ ಸಿಕ್ಕೀತು. ಮುತ್ತಜ್ಜಿಯ ಹೆಸರು ಎಷ್ಟು ಜನರಿಗೆ ಗೊತ್ತಿದೆ, ಕೇಳಿ ನೋಡಿ. ಸಿಕ್ಕರೆ ಅದನ್ನೂ ಮರೆಯದೆ ಬರೆದಿಡಿ.