ಸೆಪ್ಟೆಂಬರ್ 15

2008ರ ಸೆಪ್ಟೆಂಬರ್ 15, ಸೋಮವಾರ. ಸರ್ ಎಂ.ವಿ. ಹುಟ್ಟಿದ ದಿನ, ಇಂಜಿನಿಯರ್ಸ್ ಡೇ. ನಾನಾಗ ಬಿಇ ಕೊನೇ ವರ್ಷ. ಕಾಲೇಜಲ್ಲಿ ಫೋಟೋಗೆ ಹಾರ ಹಾಕಿ, ಭಾಷಣ ಕೇಳಿ, ಲಾಡು ತಿಂದ್ವಿ. ಕೈಯಲ್ಲಿ ಆಫರ್ ಲೆಟರ್ ಬೇರೆ ಇತ್ತು. ಅವತ್ತೇ ನ್ಯೂಯಾರ್ಕಿನಲ್ಲಿ 158 ವರ್ಷ ಹಳೇ ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿತು. ಸಾಲ 600 ಬಿಲಿಯನ್ ಡಾಲರಿಗೂ ಜಾಸ್ತಿ. ನಮಗೇನು ಅನ್ಕೊಂಡಿದ್ದೆ.

ಮುಂದಿನ ವರ್ಷ ಪಾಸಾದೆ. ಜಾಯಿನಿಂಗ್ ಡೇಟ್ ಮಾತ್ರ ಮುಂದಕ್ಕೆ ಹೋಗ್ತಾನೇ ಇತ್ತು. ಊರಲ್ಲಿ ಕಬ್ಬಿಗೆ ನೀರು ಹಾಯಿಸ್ತಾ ಉಳಿದೆ. ನಮ್ಮದು ವಿಶ್ವೇಶ್ವರಯ್ಯ ನಾಲೆ ಕಡೆಯ ಊರು. ಕನ್ನಂಬಾಡಿ ನೀರು ಕುಡಿದ ಮನೆ, ದೇವರ ಗೂಡಲ್ಲಿ ಅವರ ಫೋಟೋನೂ ಇದೆ. 'ಅಷ್ಟು ಓದಿ ಮನೇಲೇ ಕೂತವ್ನಾ?' ಅಂತ ನಾಲೆ ಏರಿ ಮೇಲೆ ಸಿಕ್ಕೋರೆಲ್ಲ ಕೇಳೋರು. ಅಮೆರಿಕದ ಬ್ಯಾಂಕ್ ಮುಳುಗಿದ್ದಕ್ಕೆ ಅಂದ್ರೆ ಯಾರು ನಂಬ್ತಾರೆ?

ಕೆಲಸವಿಲ್ಲದ ಆ ದಿನಗಳಲ್ಲೇ ಈ ತಾರೀಖಿನ ಹಿಂದೆ ಬಿದ್ದೆ. 1916ರಲ್ಲಿ ಯುದ್ಧಕ್ಕೆ ಮೊದಲ ಸಲ ಟ್ಯಾಂಕ್ ಇಳಿದದ್ದು ಇದೇ ದಿನ. ನನ್ನನ್ನು ಕಾಡಿದ್ದು 1830. ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲಿನ ಉದ್ಘಾಟನೆ. ನೀರು ತುಂಬಿಸೋಕೆ ನಿಂತಾಗ ಸಂಸದ ವಿಲಿಯಂ ಹಸ್ಕಿಸನ್ ಕೆಳಗಿಳಿದು, ಪ್ರಧಾನಿ ವೆಲಿಂಗ್ಟನ್‌ರನ್ನು ಮಾತಾಡಿಸೋಕೆ ಹೋದರು. ಪಕ್ಕದ ಹಳಿ ಮೇಲೆ 'ರಾಕೆಟ್' ಎಂಜಿನ್ ಬಂತು. ಕಾಲು ಜಜ್ಜಿಹೋಯಿತು. ಇಂಜಿನಿಯರ್ ಸ್ಟೀಫನ್‌ಸನ್ನೇ ಇನ್ನೊಂದು ಎಂಜಿನ್ ಓಡಿಸಿಕೊಂಡು ಅವರನ್ನು ಸಾಗಿಸಿದರು. ರಾತ್ರಿ ತೀರಿಕೊಂಡರು. ಮಿಕ್ಕ ಮೆರವಣಿಗೆ ಅವತ್ತೇ ಮ್ಯಾಂಚೆಸ್ಟರ್ ಮುಟ್ಟಿತ್ತು.

ನನಗೆ ಮೇಲ್ ಬಂದದ್ದು 2010ರಲ್ಲಿ. ಅಪ್ಪ 'ಮೊದಲು ಅಯ್ಯನೋರಿಗೆ ಕೈಮುಗಿ' ಅಂದ. ಮುಗಿದೆ. ಲೇಮನ್ ಕಥೆ ಅವನಿಗೆ ಇವತ್ತಿಗೂ ಹೇಳಿಲ್ಲ.